ಕಾಕಾನ ಬೇವಿನ ಗಿಡಕ್ಕೆ ಕಟ್ಟಿದ ತಂತಿ

ಕಬ್ಬು ತೂಗುವ ಕಾಟಾದ ಮೇಲೆ ಎಂಟು ಹಂಗಾಮು ಕೂತವನಿಗೆ ಯಾರನ್ನೂ ಸುಮ್ಮನೆ ನಂಬುವ ಅಭ್ಯಾಸ ಉಳಿಯುವುದಿಲ್ಲ. ಟ್ರ್ಯಾಕ್ಟರ್ ತಂದ ರೈತ, ನಾನು ತೂಕದಲ್ಲಿ ಹೊಡೆಯುತ್ತೇನೆಂದು ನನ್ನನ್ನು ಗುರಾಯಿಸುತ್ತಿದ್ದ. ಅವನ ಟ್ರೇಲರಿನ ತಳದಲ್ಲಿ ಕಲ್ಲು ಇದೆಯೇನೋ ಎಂದು ನಾನು ಅವನನ್ನು ಗುರಾಯಿಸುತ್ತಿದ್ದೆ. ಸಕ್ಕರೆ ಕಾರ್ಖಾನೆಯ ಆ ಗಾಜಿನ ಖೋಲಿಯಲ್ಲಿ ಕೂತು ಕೂತು ಸಂಶಯ ಮೈಗೆ ಹತ್ತಿಬಿಟ್ಟಿತ್ತು. ಮನೆಗೆ ಬಂದ ಹಾಲಿಗೂ ಬೆರಳು ಅದ್ದಿ ನೋಡುತ್ತಿದ್ದೆ. "ನನ್ನೂ ಒಂದ್ಸಲ ಕಾಟಾದ ಮ್ಯಾಲ ನಿಂದ್ರಿಸಿ ನೋಡ್ರಿ" ಎಂದು ಹೆಂಡತಿ ನಗುತ್ತಿದ್ದಳು.

ಇಂಥವನಿಗೆ ಹವ್ಯಾಸಿ ರೇಡಿಯೊದ ಹುಚ್ಚು ಹಿಡಿದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಕಾಗವಾಡದ ಬಾಡಿಗೆ ಮನೆಯಲ್ಲಿ ಎರಡು ವರ್ಷ ಟಿಕ್ ಟಿಕ್ ಎಂದು ಮೋರ್ಸ್ ಕಲಿತು, ಪರೀಕ್ಷೆ ಬರೆದು, ಲೈಸನ್ಸ್ ತಂದೆ. ಸೆಟ್ಟು ಕೊಳ್ಳುವ ತಾಕತ್ತು ಇರಲಿಲ್ಲ, ಕಟ್ಟಿಕೊಂಡೆ. ಮಿರಜದ ಹಳೇ ಸಾಮಾನಿನ ಬಜಾರಿನಲ್ಲಿ ರೇಡಿಯೊದ ಗಾಜಿನ ವಾಲ್ವು ಸಿಕ್ಕಿತು. ದ್ರಾಕ್ಷಿ ತೋಟದ ಹನಿ ನೀರಾವರಿ ಪೈಪಿನ ತುಂಡಿಗೆ ಕಾಯಿಲ್ ಸುತ್ತಿದೆ. ಮುರಿದ ಗರಗಸದ ಬ್ಲೇಡಿಗೆ ಕೋಟಿನ ಗುಂಡಿ ಅಂಟಿಸಿದಾಗ ಮೋರ್ಸ್ ಒತ್ತುವ ಕೀಲಿ ಆಯಿತು. ಎಲ್ಲವನ್ನೂ ದೊಡ್ಡ ಬಿಸ್ಕೀಟು ಡಬ್ಬಿಯೊಳಗೆ ಕೂರಿಸಿದಾಗ ಅದು ಹಬ್ಬಕ್ಕೆ ಚಕ್ಕುಲಿ ತುಂಬಿಟ್ಟ ಹಾಗೆ ಕಾಣುತ್ತಿತ್ತು. ಆದರೂ ಅದರ ದನಿ ಲಂಕೆಯವರೆಗೆ ಹೋಗುತ್ತಿತ್ತು.

ಹೋಗಲು ಆಂಟೆನಾ ಬೇಕು. ನಾನು ಮಾತಾಡುತ್ತಿದ್ದ ಬ್ಯಾಂಡಿಗೆ ಇಪ್ಪತ್ತು ಮೀಟರ್ ತಂತಿಯನ್ನು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಎತ್ತರದಲ್ಲಿ ಎಳೆಯಬೇಕು. ಅಳತೆ ಒಂದು ಮೊಳ ತಪ್ಪಿದರೂ ನಡೆಯದು. ನಮ್ಮ ಮನೆಯ ಜಾಗ ಅದರ ಅರ್ಧಕ್ಕೂ ಸಾಲದು. ಒಂದು ತುದಿಯನ್ನು ನಮ್ಮ ಮಾಳಿಗೆಯ ಬಿದಿರಿಗೆ ಕಟ್ಟಿದರೆ ಇನ್ನೊಂದು ತುದಿ ಗೋಡೆ ದಾಟಿ ನೆರೆಮನೆಯ ಅಂಗಳದ ಬೇವಿನ ಗಿಡಕ್ಕೇ ಹೋಗಬೇಕು. ಬೇರೆ ದಾರಿ ಇರಲಿಲ್ಲ. ಆ ಗಿಡ ಇಲ್ಲದಿದ್ದರೆ ನನ್ನ ರೇಡಿಯೊ ಬರೀ ಬಿಸ್ಕೀಟು ಡಬ್ಬಿ.

ನೆರೆಮನೆಯವರು ಅರವತ್ತು ದಾಟಿದ ರೈತ. ಮೂರೆಕರೆ ದ್ರಾಕ್ಷಿ, ಎರಡೆಕರೆ ಕಬ್ಬು. ಎಲ್ಲರ ಹಾಗೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಅಳುಕುತ್ತ ಕೇಳಿದೆ. ಅವರು ಯೋಚಿಸಲೇ ಇಲ್ಲ.

"ನಿನ್ನ ತಂತಿ ಏನು ಭಾರ ಆದೀತು ತಮ್ಮಾ ಗಿಡಕ್ಕ? ಕಟ್ಟು. ನಿಚ್ಚಣಕಿ ಅಲ್ಲೇ ಐತಿ."

ಅಥಣಿಯಲ್ಲಿ ಪಂಪಿನ ಮೋಟಾರು ರಿವೈಂಡ್ ಮಾಡುವವನ ಹತ್ತಿರ ತಾಮ್ರದ ತಂತಿ ತಂದು, ಕರೆಂಟು ಗಿಡಕ್ಕೆ ಇಳಿಯದಂತೆ ಹಳೆಯ ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ತುದಿಗೆ ಸಿಕ್ಕಿಸಿ, ಕಾಕಾ ಏಣಿ ಹಿಡಿದು ನಿಂತಿರಲು ನಾನೇ ಹತ್ತಿ ಕಟ್ಟಿದೆ. ಕಾಕಾನ ಹೆಂಡತಿ ಕಾಕು ಕೆಳಗಿನಿಂದ ಚಹಾ ಆರಿಹೋಗುತ್ತದೆಂದು ಕೂಗುತ್ತಿದ್ದರು. ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದೇನು, ಮಗ ಹುಟ್ಟಿದ ದಿನದಷ್ಟೇ ಆಗಿತ್ತು.

ಊರಿಗೆ ಮಾತ್ರ ಸಂಶಯ ಶುರುವಾಯಿತು. ಮುಂಜಾನೆ ಪಾಳಿಗೆ ಹೋಗುವ ಮುಂಚೆ ಬಾಗಿಲು ಹಾಕಿಕೊಂಡು ಟಿಕ್ ಟಿಕ್ ಮಾಡುವವನು ಯಾರಿಗೆ ಏನು ಹೇಳುತ್ತಾನೆ? ಹೊರದೇಶದ ರೇಡಿಯೊದವರ ಚಿತ್ರದ ಕಾರ್ಡು ಇವನಿಗೇ ಯಾಕೆ ಬರುತ್ತವೆ? ಯಾರೋ ಮೂಗರ್ಜಿ ಬರೆದರು. ವಿಚಾರಿಸಲು ಒಬ್ಬ ಪೊಲೀಸ್ ಪೇದೆ ಸೈಕಲ್ ಮೇಲೆ ಬಂದ. ಲೈಸನ್ಸ್ ತೋರಿಸಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ನನಗೆ ಡೌಲು. ಒಂದು ಟ್ಯೂಬ್‌ಲೈಟ್ ಅವನ ಕೈಗೆ ಕೊಟ್ಟು, ಖೋಲಿಯೊಳಗೆ ಬರುವ ಆಂಟೆನಾ ತಂತಿಯ ಹತ್ತಿರ ನಿಲ್ಲಿಸಿ ಕೀಲಿ ಒತ್ತಿದೆ. ಯಾವ ವಾಯರೂ ಇಲ್ಲದೆ ಅವನ ಕೈಯಲ್ಲೇ ಟ್ಯೂಬು ಮಿಣಮಿಣ ಎಂದಿತು. ಪೇದೆ ಅದನ್ನು ಹಾಸಿಗೆಯ ಮೇಲೆ ಒಗೆದು ಅಂಗಳಕ್ಕೆ ಓಡಿದ.

"ಮೀಟರ್ ಇಲ್ದ ಕರೆಂಟ್ ತಗೋತೀರೇನ್ರಿ?" ಎಂದು ಅಲ್ಲಿಂದಲೇ ಕೇಳಿದ.

ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಹೋಗುವಾಗ ಅವನು ಕಾಕಾನ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದ. ನಡುವೆ ಇಬ್ಬರೂ ನನ್ನ ಮಾಳಿಗೆಯತ್ತ ನೋಡಿದರು. ಏನು ಮಾತಾಡಿದರೋ ಇಂದಿಗೂ ಗೊತ್ತಿಲ್ಲ. ಆದರೆ ಅಂದು ನನ್ನ ತಲೆಯೊಳಗೆ ಕಾಟಾದ ಮುಳ್ಳು ಅಲ್ಲಾಡಿತು. ಮೂಗರ್ಜಿ ಬರೆದವರು ಇವರೇ ಇರಬಹುದೇ?

ಹಾಗೆ ನೋಡಿದರೆ ಕಾರಣವೂ ಇತ್ತು. ಕಾಕಾನ ಮನೆಗೆ ಹೊಸದಾಗಿ ಟಿವಿ ಬಂದಿತ್ತು. ರವಿವಾರ ಮುಂಜಾನೆ ನಾನು ಕೀಲಿ ಒತ್ತಿದರೆ ಅವರ ಪರದೆಯ ಮೇಲೆ ಗೆರೆ ಓಡುತ್ತಿದ್ದವು. "ತಮ್ಮಾ, ನೀ ಮಾತಾಡಾಕ ಹತ್ತಿದರ ನಮ್ಮ ಟಿವಿದಾಗ ಇರುವಿ ಸಾಲ ಹಿಡೀತಾವ" ಎಂದು ಕಾಕಾ ನಗುತ್ತಲೇ ಹೇಳಿದ್ದರು. ಆ ನಗುವನ್ನು ನಾನು ಮನೆಗೆ ತಂದು ತಿರುಗಿಸಿ ತಿರುಗಿಸಿ ನೋಡಿದೆ. ನಿಜವಾದ ನಗುವೋ, ಮೇಲಿನ ನಗುವೋ?

ದೀಪಾವಳಿಯ ಮುಂಚೆ ಎರಡು ದಿನ ಗಾಳಿಮಳೆ ಹೊಡೆಯಿತು. ಅದಾದ ಮೇಲೆ ಆಂಟೆನಾ ಕೆಟ್ಟಿತು. ತಂತಿಗೆ ಕಳಿಸಿದ ಶಕ್ತಿ ಎಷ್ಟು ವಾಪಸು ಬರುತ್ತಿದೆ ಎಂದು ತೋರಿಸುವ ಸಣ್ಣ ಮೀಟರು ಕಟ್ಟಿಕೊಂಡಿದ್ದೆ. ತಂತಿ ಸರಿಯಿದ್ದರೆ ಅದರ ಮುಳ್ಳು ಮಲಗಿರಬೇಕು. ಈಗ ಎದ್ದು ನಿಂತಿತ್ತು. ತಂತಿಯನ್ನು ಯಾರೋ ಗಿಡ್ಡ ಮಾಡಿದಂತೆ. ಹೊರಗೆ ಬಂದು ನೋಡಿದರೆ ಬಿದಿರಿನಿಂದ ಬೇವಿನವರೆಗೆ ತಂತಿ ಅಖಂಡವಾಗಿ, ಮುಂಚಿಗಿಂತ ಬಿಗಿಯಾಗಿಯೇ ಇತ್ತು. ಸೆಟ್ಟು ಬಿಚ್ಚಿದೆ. ಕೇಬಲ್ಲಿಗೆ ಯಾರಾದರೂ ಗುಂಡುಸೂಜಿ ಚುಚ್ಚಿದ್ದಾರೆಯೇ ಎಂದು ಇಂಚಿಂಚೂ ಸವರಿದೆ. ಏನೂ ಇಲ್ಲ. ಕಾಯಿಲ್ಲಿಗೆ ನಾಲ್ಕು ಸುತ್ತು ಹೆಚ್ಚಿಸಿ ಹೇಗೋ ಸರಿದೂಗಿಸಿದೆ. ಮೂರು ವಾರಕ್ಕೆ ಮತ್ತೆ ಮುಳ್ಳು ಎದ್ದಿತು.

ಒಂದು ಸಂಜೆ ಪಾಳಿ ಮುಗಿಸಿ ಬರುವಾಗ ನೋಡಿದೆ. ಬೇವಿನ ಗಿಡಕ್ಕೆ ಏಣಿ ಒರಗಿಸಿತ್ತು. ಕಾಕಾ ಇಳಿಯುತ್ತಿದ್ದರು, ಕೈಯಲ್ಲಿ ತಂತಿ ಕತ್ತರಿಸುವ ಪಕ್ಕಡ ಇತ್ತು. ನನ್ನನ್ನು ಕಂಡು ಅದನ್ನು ಅಂಗಿಯ ಕಿಸೆಗೆ ಹಾಕಿದರು.

"ಬಂದೀ ತಮ್ಮಾ? ಬಾ, ಚಾ ಕುಡದ ಹೋಗು."

"ಒಲ್ಲೆರಿ" ಎಂದು ಒಳಗೆ ಹೋದೆ. ಮರುದಿನ ಮುಂಜಾನೆ ಮೀಟರಿನ ಮುಳ್ಳು ಪೂರ್ತಿ ಎದ್ದು ನಿಂತಿತ್ತು. ಇನ್ನೇನು ಸಾಕ್ಷಿ ಬೇಕು?

"ಕಾಕಾ ಅಂಥಾವ್ರಲ್ರಿ. ಒಂದ ಮಾತ ಕೇಳಿ ಬರ್ರಿ" ಎಂದಳು ಹೆಂಡತಿ. ನಾನು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳಲು ಅವರಿಗೆ ಸಮಯ ಕೊಟ್ಟ ಹಾಗಾಗುತ್ತದೆ ಎಂಬುದು ನನ್ನ ಲೆಕ್ಕ. ಏಣಿ ಹತ್ತಿ ಒಮ್ಮೆ ನೋಡಿದ್ದರೂ ಮುಗಿಯುತ್ತಿತ್ತು. ಏಣಿ ಅವರದು, ಅಂಗಳ ಅವರದು, ನನ್ನ ಕಾಲು ಅಲ್ಲಿಗೆ ಹೋಗುವುದನ್ನೇ ಬಿಟ್ಟಿತ್ತು.

ಸಂಕ್ರಾಂತಿಯ ನಂತರ ಕಾಕಾನ ಕಬ್ಬು ಕಡಿಯುವ ಪಾಳಿ ಬಂತು. ಅವರ ಟ್ರೇಲರು ಕಾಟಾ ಏರಿತು. ಹಿಂದೆ ಹದಿನೈದು ಇಪ್ಪತ್ತು ಗಾಡಿ ನಿಂತಿದ್ದವು. ಕಾಕಾ ಬಿಳಿ ಟೋಪಿ, ಇಸ್ತ್ರಿ ಧೋತರದಲ್ಲಿ ಗಾಜಿನ ಹತ್ತಿರ ಬಂದು ನಕ್ಕರು. ಆ ನಗು ಕಂಡದ್ದೇ ನನಗೆ ಪಿತ್ತ ನೆತ್ತಿಗೇರಿತು.

"ಗಾಡಿ ಬಾಜೂಕ ತಗೀರಿ. ಕಬ್ಬ ಇಳಿಸಿ ತಳಾ ನೋಡೂದೈತಿ" ಎಂದೆ.

"ಯಾಕ ತಮ್ಮಾ?"

ಖೋಲಿಯಿಂದ ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನೆರಿಮನಿಯವನ ತಂತಿ ಕತ್ತರಸಾವ್ರಿಗೆ ಕಬ್ಬಿನಾಗ ಕಲ್ಲ ಇಡೂದು ಎಷ್ಟರ ಮಾತ್ರಿ?"

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಕಾಕಾ ಟೋಪಿ ತೆಗೆದು ಕಿಸೆಗೆ ಹಾಕಿಕೊಂಡು, ಆಳುಗಳ ಜೊತೆ ತಾವೇ ನಿಂತು ಅರ್ಧ ಗಾಡಿ ಇಳಿಸಿದರು. ತಳದಲ್ಲಿ ಕಬ್ಬಿನ ಒಣಗರಿಯ ರವದಿ ಬಿಟ್ಟು ಏನೂ ಇರಲಿಲ್ಲ. ಮತ್ತೆ ಏರಿಸಿದರು. ತೂಕ ಆಯಿತು. ಚೀಟಿ ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಕಲ್ಲು ಸಿಕ್ಕಲಿಲ್ಲವೆಂದು ನನಗೆ ನಾಚಿಕೆ ಆಗಲಿಲ್ಲ. ಕಾಕಾ ಎಂಥ ಚಾಲಾಕಿ ಎಂದುಕೊಂಡೆ. ಆ ಹೊತ್ತಿನ ನನ್ನನ್ನು ನೆನೆದರೆ ಈಗ ಕಪಾಳಕ್ಕೆ ಬಾರಿಸಬೇಕೆನಿಸುತ್ತದೆ.

ಸಂಜೆ ಗೋಡೆಯ ಆಚೆಯಿಂದ ಕಾಕಾ ಕರೆದರು.

"ಸಾಹೇಬ್ರ, ನಿಮ್ಮ ತಂತಿ ತಗೋರಿ."

ಬೇವಿನಿಂದ ಬಿಚ್ಚಿ, ಗೋಡೆಯವರೆಗಿನ ತಂತಿಯನ್ನು ಒಂದಿಷ್ಟೂ ತಿರುಚದಂತೆ ಸಿಂಬಿಯ ಹಾಗೆ ಸುತ್ತಿ, ನೂಲಿನಿಂದ ಕಟ್ಟಿ ಗೋಡೆಯ ಮೇಲೆ ಇಟ್ಟರು. ಕೊಟ್ಟು ಹೋದರು. ಸಾಹೇಬ್ರ ಎಂದದ್ದು ಆಮೇಲೆ ಕಿವಿಗೆ ಬಿತ್ತು.

ಎಲ್ಲಿ ಕತ್ತರಿಸಿದ್ದಾರೆ ನೋಡಿ ಹೆಂಡತಿಗೆ ತೋರಿಸೋಣ ಎಂದು ಮಾಳಿಗೆಯ ಮೇಲೆ ತಂತಿ ಬಿಚ್ಚಿ ಹಾಸಿದೆ. ಬೇವಿನ ಕಡೆಯ ತುದಿಯಲ್ಲಿ ಮೂರು ಕಡೆ ತಂತಿ ಹರಿದಿತ್ತು. ಪಕ್ಕಡದಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿರುತ್ತದೆ. ಇವು ಜಗ್ಗಿ ಜಗ್ಗಿ ಸೂಜಿಯಂತೆ ಸಣ್ಣಗಾಗಿ ಹರಿದ ತುದಿಗಳು. ಗಾಳಿಗೆ ಗಿಡ ತೂಗಿದಾಗ ನನ್ನ ಮೆತ್ತನೆಯ ತಾಮ್ರ ತಡೆದಿರಲಿಲ್ಲ. ಮೂರೂ ಕಡೆ ತುದಿಗಳನ್ನು ಒಂದರ ಮೇಲೊಂದು ಹಾಸಿ, ಪಕ್ಕಡದಿಂದ ಒತ್ತೊತ್ತಾಗಿ ಏಳೇಳು ಸುತ್ತು ಸುತ್ತಿ ಗಂಟು ಹಾಕಲಾಗಿತ್ತು. ನಮ್ಮ ಕಡೆ ದ್ರಾಕ್ಷಿ ಚಪ್ಪರದ ತಂತಿ ಹರಿದರೆ ಹಾಕುವ ಗಂಟು ಅದೇ. ಬಳ್ಳಿಯ ಭಾರಕ್ಕೆ ಎಂದೂ ಬಿಚ್ಚುವುದಿಲ್ಲ. ಮಳೆ ನೀರು ಇಳಿಯಬಾರದೆಂದು ಪ್ರತಿ ಗಂಟಿನ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬೇರೆ ಸುತ್ತಿದ್ದರು.

ಮೋಟಾರಿಗೆ ಸುತ್ತುವ ತಾಮ್ರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ವಾರ್ನಿಷ್ ಇರುತ್ತದೆ. ಅದನ್ನು ಕೆರೆದು ಜೋಡಿಸದಿದ್ದರೆ ತಂತಿಗೆ ತಂತಿ ಸೇರುತ್ತದೆ, ಕರೆಂಟು ಸೇರುವುದಿಲ್ಲ. ಗಂಟಿನ ಆಚೆಗಿನ ತಂತಿ ಇದ್ದೂ ಇಲ್ಲದ ಹಾಗೆ. ಚಪ್ಪರ ಕಟ್ಟುವವರು ಬಿಗಿ ನೋಡುತ್ತಾರೆ, ವಾರ್ನಿಷ್ ಯಾಕೆ ನೋಡಬೇಕು? ಅವರು ಹಾಳು ಮಾಡಿದರು ಎಂದು ನಾನು ಅಂದುಕೊಂಡ ಪ್ರತಿ ಸಲವೂ ಅರವತ್ತು ದಾಟಿದ ಆ ಮನುಷ್ಯ ಏಣಿ ಹತ್ತಿ ನನ್ನ ರೇಡಿಯೊ ನಿಲ್ಲಬಾರದೆಂದು ಕಟ್ಟಿದ್ದರು. ಹೆಂಡತಿ ಗಂಟು ಮುಟ್ಟಿ ನೋಡಿ ಕೆಳಗೆ ಇಳಿದು ಹೋದಳು.

ಮರುದಿನ ಹೋಗಿ ಕಾಲಿಗೆ ಬಿದ್ದೆ. ಕಾಕಾ ಎಬ್ಬಿಸಿ ಕೂರಿಸಿದರು. ಕಾಕು ಚಹಾ ಕೊಟ್ಟರು, ಸಕ್ಕರೆ ಕಡಿಮೆ ಆಯಿತೇ ಎಂದೂ ಕೇಳಿದರು.

"ಹೇಳಬೇಕಾಗಿತ್ತಲ್ರಿ ಕಾಕಾ, ತಂತಿ ಹರದಿತ್ತಂತ" ಎಂದೆ.

"ತಂತಿ ಹರೀತಾವ, ಕಟ್ತೀವಿ. ಅದರಾಗ ಹೇಳೂದೇನ ಐತ್ರಿ ಸಾಹೇಬ್ರ? ಗಿಡಾ ಅಲ್ಲೇ ಐತಿ, ಮತ್ತ ಕಟ್ಟಿಕೋರಿ. ನಿಮ್ಮ ಸಾಮಾನ ನನಗ ತಿಳಿಯಂಗಿಲ್ಲ."

ಹೊಸ ತಂತಿ ತಂದು ಕಟ್ಟಿದೆ. ಕಾಕಾ ಏಣಿ ತೋರಿಸಿ ಒಳಗೆ ಹೋದರು. ಈ ಸಲ ಏಣಿ ಹಿಡಿದವಳು ನನ್ನ ಹೆಂಡತಿ. ಮುಳ್ಳು ಮಲಗಿತು, ಲಂಕೆಯವನು ದನಿ ಬಹಳ ಚೆನ್ನಾಗಿದೆ ಎಂದ. ನನಗೆ ಮುಂಚಿನ ಹಿಗ್ಗು ಬರಲಿಲ್ಲ. ಗೋಡೆಯ ಆಚೆ ಟಿವಿಯ ಸದ್ದು ಕೇಳಿದರೆ ಕೀಲಿಯಿಂದ ಕೈ ತೆಗೆಯುತ್ತಿದ್ದೆ.

ಹಂಗಾಮು ಮುಗಿದ ಮೇಲೆ ಒಂದು ಮದುವೆಗೆಂದು ನಿಪ್ಪಾಣಿಗೆ ಹೋಗಿ ಮೂರು ದಿನ ಬಿಟ್ಟು ಬಂದೆವು. ನಾವಿಲ್ಲದಾಗ ಬೇಸಿಗೆಯ ಮೊದಲ ಗಾಳಿಮಳೆ ಹೊಡೆದಿತ್ತು. ಮಾಳಿಗೆಯಿಂದ ನೋಡಿದರೆ ತಂತಿ ಬೇವಿನ ಹತ್ತಿರ ಹರಿದು ಕಾಕಾನ ಅಂಗಳಕ್ಕೆ ಬಿದ್ದಿತ್ತು. ಓಡಿ ಹೋದೆ. ಮೂರು ದಿನ ಅದು ಬಿದ್ದಲ್ಲೇ ಬಿದ್ದಿತ್ತು. ಕಾಕು ದಿನಾ ಕಸ ಗುಡಿಸುತ್ತಿದ್ದ ಅಂಗಳ ಎಲ್ಲ ಕಡೆ ಸ್ವಚ್ಛ ಇತ್ತು. ತಂತಿಯ ಎರಡೂ ಮಗ್ಗುಲಿಗೆ ಒಂದೊಂದು ಗೇಣು ಮಾತ್ರ ಬೇವಿನ ಎಲೆ ಹಾಗೇ ಉಳಿದಿತ್ತು. ಅಷ್ಟು ದಿನ ಮನೆಮಂದಿಯೆಲ್ಲ ಅದನ್ನು ದಾಟಿಕೊಂಡೇ ಓಡಾಡಿದ್ದರು.

ಕಾಕಾ ಕಟ್ಟೆಯಿಂದ ಎದ್ದು ಬಂದರು.

"ಯಾರೂ ಮುಟ್ಟಿಲ್ರಿ ಸಾಹೇಬ್ರ" ಎಂದರು. "ಬಿದ್ದಾಂಗ ಐತಿ. ನೋಡ್ಕೊಂಡ ತಗೋರಿ."

ನಾನು ಬಗ್ಗಿ ಸುತ್ತತೊಡಗಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೊನೆಯವರೆಗೂ ಅಲ್ಲೇ ನಿಂತಿದ್ದರು.