ಹಿಮ್ಮಡಿ ನೋಡಿ ಸೋಲು ಗೆಲುವು ಹೇಳುವ ಯಮನಪ್ಪ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಯಮನಪ್ಪನ ಹಿಟ್ಟಿನ ಗಿರಣಿ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಹಿಟ್ಟು ನುಣ್ಣಗೆ ಬೀಸುತ್ತಾನೆಂದಲ್ಲ. ಎಷ್ಟೋ ಸಲ ತರಿತರಿಯಾಗೇ ಇರುತ್ತದೆ, ಹೇಳಿದರೆ ಸಿಟ್ಟು ಬೇರೆ. ಜನ ಅಲ್ಲಿ ನಿಲ್ಲುವುದು ಅವನ ಬಾಯಿಂದ ಕುಸ್ತಿಯ ಭವಿಷ್ಯ ಕೇಳುವುದಕ್ಕೆ. ಯಾವ ಪೈಲವಾನ ಗೆಲ್ಲುತ್ತಾನೆ, ಯಾರ ಬೆನ್ನಿಗೆ ಮಣ್ಣು ಹತ್ತುತ್ತದೆ ಎಂದು ಜೋಡಿ ಕಣಕ್ಕಿಳಿಯುವ ಮೊದಲೇ ಹೇಳಿಬಿಡುತ್ತಾನೆ.

ಊರು ಕುಂದಗೋಳದ ಕಡೆ. ಹರೆಯದಲ್ಲಿ ಕುಸ್ತಿಗೆಂದು ಹುಬ್ಬಳ್ಳಿಗೆ ಬಂದವನು, ಮೊಣಕಾಲು ಮುರಿದ ಮೇಲೆ ಕುಸ್ತಿ ಬಿಟ್ಟು ಗಿರಣಿ ಹಾಕಿದ. ಗರಡಿಯ ನಂಟು ಮಾತ್ರ ಬಿಡಲಿಲ್ಲ. ಈಗಲೂ ಬೆಳಿಗ್ಗೆ ಹೋಗಿ, ಹದ ಮಾಡಿದ ಕೆಮ್ಮಣ್ಣಿನ ಮೇಲೆ ಪೈಲವಾನರನ್ನು ನಡೆದಾಡಿಸಿ, ಕುಕ್ಕರಗಾಲಲ್ಲಿ ಕೂತು ಹೆಜ್ಜೆಯ ಗುರುತು ನೋಡುತ್ತಾನೆ. ಹಿಮ್ಮಡಿ ಆಳವಾಗಿ ಮೂಡಿದ್ದರೆ ಗೆಲುವು. ಬೆರಳಷ್ಟೇ ಮೂಡಿದ್ದರೆ ಸೋಲು. ಬಹಳ ಸಲ ಅವನು ಹೇಳಿದ್ದೇ ಆಗುತ್ತದೆ. ತಪ್ಪಿದರೆ, “ಆ ಪೈಲವಾನ ಹಿಂದಿನ ದಿನಾ ಮದವಿ ಊಟಕ್ಕ ಹೋಗಿದ್ದನ್ರಿ ಮಾಸ್ತರ” ಎಂದು ನನಗೊಂದು ಸಬೂಬು ಸಿದ್ಧವಿರುತ್ತದೆ. ನಾನು ನಿವೃತ್ತ ಸಾಲಿ ಮಾಸ್ತರ. ಭವಿಷ್ಯ ಎಂದರೆ ನನಗೆ ಮೈ ಉರಿಯುತ್ತದೆ. ಆದರೂ ಸಂಜೆಯಾದರೆ ಅವನ ಗಿರಣಿಯ ಕಟ್ಟೆ ಬಿಟ್ಟು ಬೇರೆ ಗತಿಯಿಲ್ಲ.

ಮೊನ್ನೆ ಒಂದು ಸಂಜೆ ಫಕೀರವ್ವ ಜೋಳದ ಚೀಲ ಇಳಿಸಿ ಅಲ್ಲೇ ನಿಂತುಬಿಟ್ಟಳು. ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಮಗಳನ್ನು ಬೆಳೆಸಿದ ಹೆಂಗಸು ಅವಳು. ಮಗಳು ದುರ್ಗಾ ವಿದ್ಯಾನಗರದ ಒಂದು ಜಿಮ್‌ನಲ್ಲಿ ಕಲಿಸುತ್ತಾಳೆ, ಬಾಕ್ಸಿಂಗ್ ಆಡುತ್ತಾಳೆ. ಇಲ್ಲಿಯವರೆಗೆ ಕಾಲೇಜು, ಜಿಲ್ಲೆ ಎಂದು ಆಡಿಕೊಂಡಿದ್ದವಳಿಗೆ ಮುಂದಿನ ತಿಂಗಳು ಪುಣೆಯಲ್ಲಿ ಮೊದಲ ವೃತ್ತಿಪರ ಪಂದ್ಯ. ಎದುರಾಳಿ ಇನ್ನೂ ಸೋಲು ಕಾಣದ ಹುಡುಗಿ.

“ಯಣ್ಣಾ, ನೀ ಹೇಳು,” ಎಂದಳು ಫಕೀರವ್ವ. “ಗೆಲ್ಲತಾಳ ಅಂದ್ರ ಕಳಸ್ತೇನಿ. ಸೋಲತಾಳ ಅಂದ್ರ ಇಲ್ಲ. ಹ್ವಾದ ವರ್ಷ ಹುಬ್ಬಿಗೆ ಹೊಲಿಗಿ ಹಾಕಿಸಿಕೊಂಡು ಬಂದಿದ್ಲು. ಅದನ್ನ ಮತ್ತ ನೋಡಾಕ ನನ್ನ ಕಡಿಂದ ಆಗಂಗಿಲ್ಲ.”

ದುರ್ಗಾ ವಯಸ್ಸಿಗೆ ಬಂದ ಹುಡುಗಿ, ಯಾರನ್ನೂ ಕೇಳದೆ ಹೋಗಬಹುದಿತ್ತು. ಆದರೆ ಅವ್ವನ ಮಾತು ಮೀರಿ ಹೋದರೆ ಅಲ್ಲಿ ತನ್ನ ಕೈಯೇ ಏಳುವುದಿಲ್ಲ ಎಂದು ಅವಳೇ ನನಗೆ ಹೇಳಿದ್ದಳು. ಹೀಗಾಗಿ ಅವಳ ಪುಣೆಯ ದಾರಿ ಯಮನಪ್ಪನ ನಾಲಿಗೆಯ ಮೇಲೆ ಬಂದು ಕೂತಿತು.

ಮರುದಿನ ಬೆಳಿಗ್ಗೆ ಯಮನಪ್ಪ, ದುರ್ಗಾ, ನಾನು ಗರಡಿಗೆ ಹೋದೆವು. ಈಗ ಅಲ್ಲಿ ಹುಡುಗಿಯರೂ ಕುಸ್ತಿ ಕಲಿಯುವುದರಿಂದ ಯಾರೂ ಬೇಡವೆನ್ನಲಿಲ್ಲ. ದುರ್ಗಾ ಬರಿಗಾಲಲ್ಲಿ ಮಣ್ಣಿಗಿಳಿದು, ಗಾಳಿಗೆ ಗುದ್ದುತ್ತ ಅತ್ತಿತ್ತ ಸರಿದಾಡಿದಳು. ಯಮನಪ್ಪ ಕೂತು ಗುರುತು ನೋಡಿದ. ಎಲ್ಲಿ ನೋಡಿದರೂ ಬರೀ ಬೆರಳು. ಅವನ ಮುಖ ಸಪ್ಪಗಾಯಿತು.

“ಇದೇನವಾ, ಗುಬ್ಬಿ ಕುಣದಂಗ ಐತಿ. ಹಿಮ್ಮಡಿ ಎಲ್ಲಿ?”

“ಹಿಮ್ಮಡಿ ಊರಿ ನಿಲ್ಲಬಾರದ್ರಿ ಮಾಮಾ. ನಿಂತ್ರ ಹೊಡತ ಬೀಳತಾವ.”

“ಊರಲಿಲ್ಲಂದ್ರ ಸೋಲತಿ. ನಿಮ್ಮವ್ವಗ ಹಂಗ ಹೇಳಬೇಕಾಕ್ಕೈತಿ. ಸುಳ್ಳ ಹೇಳಾಕ ನನಗ ಬರಂಗಿಲ್ಲ.”

ಹುಡುಗಿಯ ಕಣ್ಣು ತುಂಬಿದವು. ನನಗೆ ಸಿಟ್ಟು ನೆತ್ತಿಗೇರಿತು. “ಏ ಯಮನಪ್ಪ, ಅಕಿ ಆಡೂದು ಕುಸ್ತಿ ಅಲ್ಲೋ. ತಕ್ಕಡ್ಯಾಗ ಸೀರಿ ಅಳದಂಗಾತು ನಿನ್ನ ಭವಿಷ್ಯ” ಎಂದೆ. ಅವನು ಕೇಳಿಸಿಕೊಳ್ಳಲೇ ಇಲ್ಲ.

ದುರ್ಗಾ ಕಣ್ಣೊರೆಸಿಕೊಂಡಳು. “ಮಾಮಾ, ನನ್ನ ಭುಜಾ ಹಿಡೀರಿ ನೋಡೂಣು. ಹಿಡದ್ರ, ನಾ ಹೋಗಂಗಿಲ್ಲ ಅಂತ ಅವ್ವಗ ನಾನ ಹೇಳ್ತೇನಿ.”

ಯಮನಪ್ಪ ನಕ್ಕ. ಎಂತೆಂಥ ಪೈಲವಾನರನ್ನು ಹಿಡಿದು ಕೆಡವಿದ ಕೈ ಅದು. ಎಡಗೈ ಚಾಚಿದ, ಅವಳು ಅಲ್ಲಿರಲಿಲ್ಲ. ಬಲಗೈ ಹಾಕಿದ, ಅಲ್ಲೂ ಇರಲಿಲ್ಲ. ಕುಂಟುಗಾಲಲ್ಲಿ ಗರಗರ ತಿರುಗಿದ. ಪ್ರತಿ ಸಲವೂ ಅವಳ ಮುಷ್ಟಿ ಅವನ ಮೂಗಿನ ಹತ್ತಿರ ಬಂದು ನಿಲ್ಲುತ್ತಿತ್ತು. ಕಡೆಗೆ ಏದುಸಿರು ಬಿಡುತ್ತ ಮಣ್ಣಿನಲ್ಲೇ ಕೂತುಬಿಟ್ಟ.

“ಹೊಡೀಬೇಕಿತ್ತಲ್ಲವಾ, ಯಾಕ ನಿಲ್ಲಿಸಿದಿ?”

“ನಿಮ್ಮ ಮೂಗ ಒಡದ್ರ ಅವ್ವ ನನ್ನ ಜಿಮ್‌ಗೂ ಕಳಸಂಗಿಲ್ಲರಿ.”

ಗರಡಿಯಲ್ಲಿದ್ದವರೆಲ್ಲ ನಕ್ಕರು, ಯಮನಪ್ಪನೂ ನಕ್ಕ. ಗೆಲ್ಲುತ್ತಾಳೆಂದು ಹೇಳಿ ಮುಗಿಸು ಎಂದು ನಾನು ದಾರಿಯುದ್ದಕ್ಕೂ ಅವನ ಕಿವಿ ಕಚ್ಚಿದೆ. ಅವನು ಕುಂಟುತ್ತ ಮುಂದೆ ಮುಂದೆ ನಡೆದ.

ಗಿರಣಿಯ ಮುಂದೆ ಫಕೀರವ್ವ ಕಾಯುತ್ತಿದ್ದಳು. ಹಿಟ್ಟಿಗೆ ಬಂದ ಹೆಂಗಸರೂ ಕಿವಿ ನಿಮಿರಿಸಿ ನಿಂತರು. ಯಮನಪ್ಪ ಅವಳ ಮುಂದೆ ಬಂದು ನಿಂತ.

“ತಂಗಿ, ನನಗ ಗೊತ್ತಿಲ್ಲ.”

ಒಂದು ಒಳ್ಳೆಯ ಸುಳ್ಳು ಹೇಳಲು ಇವನಿಗೇನು ಧಾಡಿ ಎಂದು ನಾನು ಹಲ್ಲು ಕಡಿದೆ. ಅವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಯಾರೂ ಕೇಳಿರಲಿಲ್ಲ.

“ಗೊತ್ತಿಲ್ಲ ಅಂದ್ರ?” ಎಂದಳು ಫಕೀರವ್ವ.

“ಹಿಮ್ಮಡಿ ನೋಡಿ ಸೋಲತಾಳ ಅಂದಿದ್ದೆ. ತಪ್ಪಾತು. ನಾ ನೋಡೂದು ಕುಸ್ತೀಗೆ, ಅಕಿ ಆಟಕ್ಕ ಅದು ಹತ್ತಂಗಿಲ್ಲ. ಗೆದ್ದ ಗೆಲ್ಲತಾಳ ಅಂದ್ರೂ ಸುಳ್ಳ ಆಕ್ಕೈತಿ, ಆಚೀ ಹುಡುಗೀನ ನಾ ನೋಡಿಲ್ಲ. ಹೊಡತ ಬಿದ್ರೂ ಬೀಳಬಹುದು. ಆದ್ರ ತಂಗಿ, ನನ್ನ ಕೈಗೆ ಅಕಿ ಸಿಗಲಿಲ್ಲ.”

“ಒಂದ ಸಲಾನೂ?”

“ಒಂದ ಸಲಾನೂ ಇಲ್ಲ.”

ಫಕೀರವ್ವ ಮಗಳ ಕಡೆ ತಿರುಗಿದಳು. ದುರ್ಗಾ ನೆಲ ನೋಡುತ್ತ ನಿಂತಿದ್ದಳು. ಮುಗಿಯಿತು, ಹುಡುಗಿಯ ಪುಣೆ ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಫಕೀರವ್ವ ಸೆರಗಿನಿಂದ ಮಗಳ ಕೆನ್ನೆಗೆ ಹತ್ತಿದ್ದ ಮಣ್ಣು ಒರೆಸಿದಳು.

“ಗೆಲ್ಲತಾಳ ಅಂದಿದ್ರ ನಿನ್ನ ಒಬ್ಬಾಕಿನ್ನ ಕಳಸಿ ಮನ್ಯಾಗ ಕುಂದ್ರತಿದ್ದೆ. ಗೊತ್ತಿಲ್ಲ ಅಂದ ಮ್ಯಾಲ ನಾನೂ ಬರ್ತೇನಿ. ಗೆದ್ರ ಕಣ್ಣತುಂಬ ನೋಡ್ತೇನಿ. ಸೋತ್ರ ಕೈ ಹಿಡದು ಮನಿಗೆ ಕರಕೊಂಡ ಬರ್ತೇನಿ.”

ದುರ್ಗಾ ಅವ್ವನ ಹೆಗಲಿಗೆ ಮುಖ ಒತ್ತಿ ಅತ್ತಳು.