ನಮ್ಮತ್ತೆ ಇಳಿಸದ ಆರತಿ, ಸೋತ ಕ್ಯಾಂಡಿಡೇಟಿನ ಲಾರಿ

ಮೂರು ಸುತ್ತು ಮುಗಿದರೂ ನಮ್ಮತ್ತೆ ಆರತಿ ತಟ್ಟೆ ಇಳಿಸಲಿಲ್ಲ.

ಎದುರಿಗೆ ಎಂಎಲ್‌ಎ ಎಲೆಕ್ಷನ್ನಿಗೆ ನಿಂತವರು. ಕೊರಳಲ್ಲಿ ಚೆಂಡುಹೂವಿನ ಹಾರ, ಹಿಂದೆ ಶಾಲು ಹೊದ್ದ ಜನ. ಎಲ್ಲರಿಗೂ ಮುಂದಿನ ಮನೆಗೆ ಹೋಗುವ ಅವಸರ. ಅತ್ತೆ ನಾಲ್ಕನೇ ಸುತ್ತು ಶುರು ಮಾಡಿದರು... ಆಮೇಲೆ ಐದನೆಯದು...

ನಮ್ಮ ಕಡೆ ಉರಿಯುವ ಆರತಿಗೆ ಬೆನ್ನು ತಿರುಗಿಸಿ ಯಾರೂ ಹೋಗುವುದಿಲ್ಲ. ಅದರಲ್ಲೂ ಓಟು ಕೇಳಲು ಬಂದವರು ಹೋದರೆ ದೊಡ್ಡ ಅಪಶಕುನ. ತಟ್ಟೆ ಇಳಿದು, ಹಣೆಗೆ ಕುಂಕುಮ ಹಚ್ಚಿದ ಮೇಲೆಯೇ ಹೆಜ್ಜೆ ಎತ್ತಬೇಕು. ಅತ್ತೆಗೆ ಇದು ಚೆನ್ನಾಗಿ ಗೊತ್ತಿತ್ತು.

ನಮ್ಮದು ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ರಸ್ತೆ ಪಕ್ಕದ ಊರು. ಮನೆ ರಸ್ತೆಯ ಈಚೆ, ಶಾಲೆ ಆಚೆ, ನಡುವೆ ಅದಿರು ಲಾರಿಗಳು. ಬಿಳಿ ಯೂನಿಫಾರ್ಮ್ ಸಂಜೆಗೆ ಕೆಂಪಾಗಿ ಬರುತ್ತದೆ. ಅದು ಹೋಗಲಿ, ಒಗೆಯಬಹುದು.

ಆದರೆ ಹಿಂದಿನ ವರ್ಷ ಒಂದು ಲಾರಿ ನನ್ನ ಮಗಳು ಸಿಂಚನಾಳ ಸ್ಕೂಲ್ ಬ್ಯಾಗನ್ನು ಸವರಿಕೊಂಡು ಹೋಯಿತು. ಬ್ಯಾಗಿನ ಪಟ್ಟಿ ಕಿತ್ತು ಬಂತು. ಮಗು ಎಷ್ಟೋ ದಿನ ಸರಿಯಾಗಿ ಮಾತನಾಡಲಿಲ್ಲ.

ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಮುಂದಿನ ವರ್ಷದ ಶಾಲೆಗೆ ಅವಳು ಕಂಪ್ಲಿಯ ನನ್ನ ತವರುಮನೆಯಲ್ಲಿ ಇರಲಿ, ಅಲ್ಲಿ ಶಾಲೆ ಓಣಿಯಲ್ಲೇ ಇದೆ.

ಮೊಮ್ಮಗಳನ್ನು ಬಿಟ್ಟು ಅತ್ತೆ ಒಂದು ದಿನವೂ ಇದ್ದವರಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಆದರೂ ಬೇಡ ಅನ್ನಲಿಲ್ಲ. ನನಗೇ ಸಿಟ್ಟು ಬಂದು, "ಹಂಗಾರ ರಸ್ತಿ ನೀವ್ ಕಾಯ್ತೀರೇನ್ರಿ ಅತ್ತಿ?" ಅಂದುಬಿಟ್ಟೆ. ಅನ್ನಬಾರದಿತ್ತು.

ಅದಾದ ಮೇಲೆ ಎಲೆಕ್ಷನ್ ಬಂತು. ಒಂದೇ ವಾರದಲ್ಲಿ ಮೂವರು ಕ್ಯಾಂಡಿಡೇಟುಗಳು ನಮ್ಮ ಓಣಿಗೆ ಬಂದರು. ಮೂವರನ್ನೂ ಅತ್ತೆ ಆರತಿ ಹಿಡಿದೇ ನಿಲ್ಲಿಸಿದರು.

"ತಟ್ಟ್ಯಾಗ ರೊಕ್ಕ ಹಾಕಬ್ಯಾಡ್ರಿ ಯಪ್ಪಾ. ನನ್ನ ಮೊಮ್ಮಗಳು ರಸ್ತಿ ಹೆಂಗ ದಾಟಬೇಕು, ಅಷ್ಟ ಹೇಳ್ರಿ ಸಾಕು."

ಪರಗಂಡಸರು ಬಂದರೆ ಅಡುಗೆಮನೆ ಸೇರುವ ಹೆಂಗಸು ಇವರು. ನಾನು ಎಣ್ಣೆ ಬಟ್ಟಲು ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದೆ.

ಮೊದಲು ಬಂದವರು ಮೊಬೈಲಿನಲ್ಲಿ ಅಂಡರ್‌ಪಾಸಿನ ಚಿತ್ರ ತೋರಿಸಿದರು. ಅದರಲ್ಲಿ ಸೈಕಲ್ ಹೊಡೆಯುವ ಮಕ್ಕಳು, ಎರಡೂ ಕಡೆ ಹಸಿರು ಗಿಡ. ನನಗೆ ತುಂಬಾ ಹಿಡಿಸಿತು.

ಎರಡನೆಯವರು ಆ ರಸ್ತೆ ಯಾರ ವ್ಯಾಪ್ತಿಗೆ ಬರುತ್ತದೆ ಎಂದು ವಿವರಿಸಿದರು. ಅವರ ವಿವರಣೆ ಮುಗಿಯುವುದರೊಳಗೆ ನಾನು ದೀಪಕ್ಕೆ ಎರಡು ಸಲ ಎಣ್ಣೆ ಹಾಕಿದೆ.

ಮೂರನೆಯವರೇ ನಾನು ಮೊದಲು ಹೇಳಿದ ಹಾರದವರು. ಐದನೇ ಸುತ್ತು ಮುಗಿದಾಗ ಅವರು ತಲೆ ಎತ್ತಿ ಅತ್ತೆಯನ್ನು ನೋಡಿದರು.

"ಯವ್ವಾ, ಆ ರಸ್ತ್ಯಾಗ ನನ್ನವೂ ಆರು ಲಾರಿ ಓಡ್ತಾವ" ಅಂದರು.

ಹಿಂದಿದ್ದವರೊಬ್ಬರು ಅವರ ಅಂಗಿ ಜಗ್ಗಿದರು. ಅವರು ತಿರುಗಿ ನೋಡಲಿಲ್ಲ.

"ಅಂಡರ್‌ಪಾಸ್ ಮಾಡಸ್ತೀನಿ ಅಂತ ಸುಳ್ಳು ಹೇಳಂಗಿಲ್ಲ. ಗೆದ್ರೂ ಅಷ್ಟ, ಸೋತ್ರೂ ಅಷ್ಟ... ಶಾಲಿಗೆ ಹೋಗೂ ಹೊತ್ತಿನ್ಯಾಗ, ಬರೂ ಹೊತ್ತಿನ್ಯಾಗ ನನ್ನ ಗಾಡಿ ನಿಮ್ಮೂರು ದಾಟಂಗಿಲ್ಲ."

"ದೀಪದ ಮುಂದ ಹೇಳಾಕತ್ತೀರಿ, ನೆನಪಿರ್ಲಿ" ಅಂದರು ಅತ್ತೆ. ಆಮೇಲೆ ತಟ್ಟೆ ಇಳಿಸಿ ಕುಂಕುಮ ಹಚ್ಚಿದರು.

ನಾನು ಒಳಗೊಳಗೇ ನಕ್ಕೆ. ಈ ರಸ್ತೆಯ ಲಾರಿಗಳಲ್ಲಿ ಇವರ ಆರು ಯಾವ ಲೆಕ್ಕ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ರಿಸಲ್ಟ್ ಬಂತು. ಅವರು ಸೋತರು. ಅಂಡರ್‌ಪಾಸಿನವರು ಗೆದ್ದರು.

ಶಾಲೆ ಶುರುವಾಗುವ ಹಿಂದಿನ ದಿನ ನಾನು ಸಿಂಚನಾಳ ಬಟ್ಟೆ ಪ್ಯಾಕ್ ಮಾಡಿದೆ. "ನಾಳೆ ಒಂದಿನ ಇಲ್ಲೇ ಶಾಲಿಗೆ ಹೋಗಿ ಗೆಳತ್ಯಾರನ್ನ ಮಾತಾಡಿಸಿ ಬರ್ಲಿ ಬಿಡವ್ವಾ" ಅಂದರು ಅತ್ತೆ. ಅಷ್ಟಕ್ಕೂ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಬೆಳಿಗ್ಗೆ ಮಗಳ ಕೈ ಹಿಡಿದು ರಸ್ತೆಗೆ ಬಂದರೆ... ನನ್ನ ಕಣ್ಣನ್ನೇ ನಂಬಲಾಗುತ್ತಿಲ್ಲ.

ಊರಿನ ತಿರುವಿನಲ್ಲಿ, ಬೇವಿನ ಮರದ ಕೆಳಗೆ ಎರಡು ಲಾರಿ ಸೈಡಿಗೆ ನಿಂತಿವೆ. ವಯಸ್ಸಾದ ಡ್ರೈವರ್ ಒಬ್ಬರು ಕೆಂಪು ಟವೆಲ್ ಹಿಡಿದು ರಸ್ತೆ ನಡುವೆ ನಿಂತಿದ್ದಾರೆ. ಹಿಂದೆ ಬಂದ ಲಾರಿಗಳೂ ಒಂದೊಂದಾಗಿ ನಿಲ್ಲುತ್ತಿವೆ. ಈ ರೂಟಿನ ಡ್ರೈವರುಗಳೆಲ್ಲ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವವರು, ಒಬ್ಬರು ಕೈ ಅಡ್ಡ ಹಿಡಿದರೆ ಇನ್ನೊಬ್ಬರು ಮೀರಿ ಹೋಗುವುದಿಲ್ಲ. ಇದು ನನಗೆ ಆಮೇಲೆ ತಿಳಿಯಿತು.

ಮಕ್ಕಳೆಲ್ಲ ದಾಟಿದರು. ನನ್ನ ಮಗಳೂ ದಾಟಿದಳು.

"ಸೋತ ದಿನಾನ ಸಾಹುಕಾರ್ರು ಫೋನ್ ಮಾಡಿದ್ರು ರೀ ಅಕ್ಕಾರ" ಅಂದರು ಡ್ರೈವರ್. "ದೀಪದ ಮುಂದ ಮಾತು ಕೊಟ್ಟೀನಿ, ಶಾಲಿ ಟೈಮಿನ್ಯಾಗ ಗಾಡಿ ದಾಟಸಬ್ಯಾಡ್ರಿ ಅಂದ್ರು. ಉಳದವ್ರನ್ನ ನಿಲ್ಲಸೂದು ನಮ್ಮ ಕೆಲಸ. ನಮ್ಮ ಮಕ್ಳೂ ಶಾಲಿಗೆ ಹೋಗ್ತಾವಲ್ರಿ..."

ಅವರಿಗೆ ಕೈ ಮುಗಿದೆ. ಮನೆಗೆ ಬಂದು ಪ್ಯಾಕ್ ಮಾಡಿದ ಬಟ್ಟೆ ತೆಗೆದು ಬೀರುವಿನಲ್ಲಿಟ್ಟೆ. ಅವತ್ತು ಅಂದ ಮಾತಿಗೆ ಅತ್ತೆಯ ಹತ್ತಿರ ಕ್ಷಮೆ ಕೇಳಿದೆ. "ಆತು ಬಿಡು, ಅಕ್ಕಿ ಆರಿಸು" ಅಂದರು, ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡರು.

ಗೆದ್ದವರನ್ನು ದೂರಲು ನಾನಿದನ್ನು ಬರೆಯುತ್ತಿಲ್ಲ. ರಸ್ತೆಗೆ ಹಂಪ್ ಹಾಕಿಸಿದ್ದಾರೆ, ಅದಕ್ಕೂ ಥ್ಯಾಂಕ್ಸ್. ಅಂಡರ್‌ಪಾಸ್ ಇನ್ನೂ ಬಂದಿಲ್ಲ, ಬರಲಿ. ಲಾರಿಗಳು ಮಾತ್ರ ದಿನಾ ನಿಲ್ಲುತ್ತಿವೆ.

ಮೊನ್ನೆ ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಆ ಸೋತವರು ಸಿಕ್ಕರು. ಕೊರಳಲ್ಲಿ ಹಾರ ಇಲ್ಲ, ಹಿಂದೆ ಜನ ಇಲ್ಲ. ಅವರೇ ನನ್ನ ಗುರುತು ಹಿಡಿದು, "ನಿಮ್ಮತ್ತಿ ಆರಾಮ ಅದಾರೇನವ್ವಾ? ಮಗಳು ಶಾಲಿಗೆ ಹೋಗ್ತಾಳ?" ಅಂದರು.

ಹೂಂ ಅಂದೆ. ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಥ್ಯಾಂಕ್ಸ್ ಮಾತ್ರ ಹೇಳದೆ ಬಸ್ ಹತ್ತಿಬಿಟ್ಟೆ.

ನಾನು ಅವರಿಗೆ ಓಟು ಹಾಕಿರಲಿಲ್ಲ. ನೀವಾಗಿದ್ದರೆ ಅದನ್ನೂ ಹೇಳಿ ಥ್ಯಾಂಕ್ಸ್ ಹೇಳುತ್ತಿದ್ದಿರಾ?