ಪ್ಲೇಟಿನ ಮೇಲಿನ ವಿಭೂತಿ

ನನ್ನ ಗಂಡನ ಮೂಗಿಗೆ ಸಿಕ್ಕಿಸಿದ ಪೈಪು ಏಳು ಮೀಟರ್ ಉದ್ದ. ಎರಡು ವರ್ಷ ನನ್ನ ಓಡಾಟವೆಲ್ಲ ಅಷ್ಟರೊಳಗೇ ನಡೆಯಿತು. ಮಂಡಿಪೇಟೆಯಲ್ಲಿ ಕೆಳಗೆ ನಮ್ಮ ಮೆಣಸಿನಕಾಯಿ ಅಂಗಡಿ, ಮೇಲೆ ಮನೆ. ನಲವತ್ತು ವರ್ಷ ಆ ಘಾಟಿನಲ್ಲಿ ಕೂತು ಚೀಲ ತೂಗಿಸಿದವರು ಅವರು. ಕೆಮ್ಮು ಮೊದಲೇ ಇತ್ತು, ಆಮೇಲೆ ಕೊರೊನಾ ಬಂದು ಉಳಿದ ಉಸಿರನ್ನೂ ತಿಂದು ಹೋಯಿತು. ಈಗ ಹಗಲೂ ರಾತ್ರಿ ಆಕ್ಸಿಜನ್ ಮಷೀನು. ಗುರ್ ಅನ್ನುತ್ತದೆ, ಪುಸ್ ಅನ್ನುತ್ತದೆ, ಮತ್ತೆ ಗುರ್ ಅನ್ನುತ್ತದೆ. ಕರೆಂಟು ಹೋದರೆ ಕೂಗಿಕೊಳ್ಳುತ್ತದೆ.

ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಸೊಸೆ ಒಳ್ಳೆಯವಳೇ. ಆದರೆ ಈ ಪುಣ್ಯಾತ್ಮರು ನನ್ನ ಕೈ ಬಿಟ್ಟು ಬೇರೆಯವರ ಕೈಯಿಂದ ಒಂದು ಮಾತ್ರೆಯನ್ನೂ ತಗೊಳ್ಳುವುದಿಲ್ಲ. ನಾನು ಅಡುಗೆಮನೆಯಲ್ಲಿದ್ದರೆ "ಎಲ್ಲಿದೀಯೇ?" ಸ್ನಾನದ ಮನೆಯಲ್ಲಿದ್ದರೆ "ಎಷ್ಟೊತ್ತೇ?" ತಂಗಿಯ ಮಗಳ ಮದುವೆಗೂ ನಾನು ಹೋಗಲಿಲ್ಲ. ನೋಡಿದವರೆಲ್ಲ "ಎಂಥಾ ಸೇವೆ ಮಾಡ್ತಿದೀರವ್ವ" ಅನ್ನುವರು. ನನಗೆ ಮೈ ಉರಿಯುತ್ತಿತ್ತು. ಅವರನ್ನು ಮಷೀನಿಗೆ ಕಟ್ಟಿದ್ದರು, ನನ್ನನ್ನು ಅವರಿಗೆ ಕಟ್ಟಿದ್ದರು, ಇದರಲ್ಲಿ ಸೇವೆ ಎಲ್ಲಿಂದ ಬಂತು?

ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಗಂಡ ಹೆಂಡತಿಯನ್ನು ನೋಡಿದೆ. ನಮ್ಮದೇ ವಯಸ್ಸು. ಚಾವಣಿಯ ಮೇಲೆ ಸೋಲಾರ್ ಪ್ಲೇಟು, ಒಳಗೆ ಬ್ಯಾಟರಿ, ಫ್ರಿಜ್ಜು ಇರುವ ಪುಟ್ಟ ಟ್ರೇಲರನ್ನು ಕಾಡಿನಲ್ಲಿ ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದರು. ಕಣ್ಣು ಹಾಯಿಸಿದಷ್ಟು ದೂರ ಒಂದು ಕರೆಂಟಿನ ಕಂಬವೂ ಇರಲಿಲ್ಲ. ಅವರ ಬ್ಯಾಟರಿ ಫ್ರಿಜ್ಜು ನಡೆಸಿದರೆ ನಮ್ಮದು ಮಷೀನು ಯಾಕೆ ನಡೆಸಬಾರದು? ಒಂದು ಹಗಲು, ಒಂದು ರಾತ್ರಿ ಆ ಕೋಣೆಯಿಂದ ಹೊರಗಿದ್ದರೆ ಸಾಕಿತ್ತು ನನಗೆ.

ನಮ್ಮ ಅಂಗಡಿಯ ಶಟರು ಮಾಡಿಕೊಟ್ಟ ವೆಲ್ಡಿಂಗ್ ಸಾಹೇಬರ ಶೆಡ್ಡು ಹರಿಹರದ ಆಚೆ, ಗುತ್ತೂರಿನ ಹತ್ತಿರ. ಟ್ರ್ಯಾಕ್ಟರ್ ಟ್ರೇಲರು ಮಾಡುವವರು. ನಾನು ಅಂಥದೊಂದು ಮಾಡಿಕೊಡಿ ಎಂದು ಕೇಳಿದ್ದಕ್ಕೆ ನಗಲಿಲ್ಲ. "ಮಷೀನು ಎಷ್ಟು ಕರೆಂಟು ತಿಂತೈತೆ ಅಂತ ಅದರ ಹಿಂದೆ ಬರದಿರ್ತೈತೆ ಅಕ್ಕಾರ, ಅದರ ಫೋಟೊ ಕಳಸ್ರಿ" ಎಂದರು. ಮೂರು ತಿಂಗಳು ತಗೊಂಡರು. ತಗಡಿನ ಗೋಡೆ, ಒಂದು ಮಂಚ, ಒಂದು ಬೆಂಚು, ಸಣ್ಣ ಫ್ರಿಜ್ಜು, ಫ್ಯಾನು. ಮಂಚದ ಕೆಳಗೆ ಬ್ಯಾಟರಿ, ಚಾವಣಿಯ ಮೇಲೆ ನಾಲ್ಕು ಪ್ಲೇಟು, ಹತ್ತಲು ಹಿಂದೆ ಕಬ್ಬಿಣದ ಏಣಿ.

ನಮ್ಮವರಿಗೆ ಮಾತ್ರ ಇದು ಬೇಡವೇ ಬೇಡ. "ಈ ವಯಸ್ಸಿನಾಗೆ ಡಬ್ಬಿಯೊಳಗೆ ಹೋಗಿ ಕುಂದ್ರಬೇಕಾ?" ಎಂದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಒಪ್ಪಿದರು. "ಇದೊಂದ್ ಸಲ. ಅಲ್ಲಿ ಏನಾರ ಆಗಿ ವಾಪಸ್ ಬಂದ್ವಿ ಅಂದ್ರೆ ಮತ್ತೆ ಈ ಮನಿ ಬಿಟ್ಟು ನನ್ನ ಅಲ್ಲಾಡಸಬ್ಯಾಡ. ಆಣೆ ಮಾಡು." ಮಾಡಿದೆ. ಮಾಡದೆ ಇನ್ನೇನು ಮಾಡಲಿ?

ಹೊರಡುವುದು ವಿಜಯದಶಮಿಯ ಬೆಳಿಗ್ಗೆ ಎಂದಾಯಿತು. ಹಿಂದಿನ ದಿನ ಆಯುಧಪೂಜೆ. ಹೊಸ ಗಾಡಿ, ಪೂಜೆ ಇಲ್ಲದೆ ಹೇಗೆ ಹೊರಡುವುದು? ಅವರನ್ನು ಮೂರು ತಾಸು ಮಗನಿಗೆ ಒಪ್ಪಿಸಿ ನಾನೇ ಶೆಡ್ಡಿಗೆ ಹೋದೆ. ಸಾಹೇಬರ ಕೆಲಸಗಾರರೂ ತಮ್ಮ ಮಷೀನುಗಳಿಗೆಲ್ಲ ಕುಂಕುಮ ಹಚ್ಚಿ, ಮಂಡಕ್ಕಿ ಹಂಚುತ್ತಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ಬೂದಗುಂಬಳ ಒಡೆಸಿದೆ. ಆಮೇಲೆ ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ಯಾಕೆಂದರೆ ನನ್ನ ಗಂಡನ ಉಸಿರು ಇರುವುದು ಆ ಪ್ಲೇಟುಗಳಲ್ಲಿ, ಚಕ್ರದಲ್ಲಲ್ಲ. ಒದ್ದೆ ವಿಭೂತಿಯಿಂದ ಒಂದೊಂದು ಪ್ಲೇಟಿಗೂ ಅಂಚಿನಿಂದ ಅಂಚಿಗೆ ದಪ್ಪನಾಗಿ ಮೂರು ಬೆರಳು ಎಳೆದೆ. ನಡುವೆ ಅರಿಸಿನ, ಕುಂಕುಮ. ಚೆಂಡು ಹೂವಿನ ದಪ್ಪ ಮಾಲೆ ನಾಲ್ಕಕ್ಕೂ ಅಡ್ಡಲಾಗಿ ಹಾಸಿ, ಗಾಳಿಗೆ ಹಾರಬಾರದೆಂದು ಸುತಲಿ ದಾರದಿಂದ ಬಿಗಿದೆ. ನಾಲ್ಕು ಮೂಲೆಗೆ ಬಾಳೆಕಂದು. ಕೆಳಗಿಳಿದು ನೋಡಿದಾಗ ಕಣ್ಣು ತುಂಬಿತು. ಸಾಹೇಬರು ಮೇಲೆ ನೋಡಿದರು, ಗಡ್ಡ ಕೆರೆದುಕೊಂಡರು, ಏನೋ ಹೇಳಲು ಬಾಯಿ ತೆರೆದು "ಚಲೋ ಆತು ಅಕ್ಕಾರ" ಎಂದರು.

ಮರುದಿನ ಸಾಹೇಬರ ಜೀಪು ಗಾಡಿಯನ್ನೂ ನಮ್ಮನ್ನೂ ಕಡರನಾಯಕನಹಳ್ಳಿಯ ಆಚೆ ನನ್ನ ಅಣ್ಣನ ಗದ್ದೆಗೆ ಎಳೆದುಕೊಂಡು ಹೋಯಿತು. ದಾರಿಯುದ್ದಕ್ಕೂ ನಮ್ಮವರು ಜೀಪಿನಲ್ಲಿ ಸಣ್ಣ ಆಕ್ಸಿಜನ್ ಸಿಲಿಂಡರಿನಿಂದ ಉಸಿರಾಡಿದರು. ಭತ್ತ ಹಸಿರಾಗಿ ನಿಂತಿತ್ತು, ಪಕ್ಕದ ಕಣದಲ್ಲಿ ಒಂದು ಮರದ ನೆರಳೂ ಇಲ್ಲ. ನೆರಳಿಲ್ಲದ ಜಾಗವನ್ನೇ ಹುಡುಕಿದ್ದೆವು. ಎಂಟು ಗಂಟೆಗೆ ಮಷೀನು ಬ್ಯಾಟರಿಯ ಮೇಲೆ ಶುರುವಾಯಿತು. ಗೋಡೆಯ ಮೀಟರಿನಲ್ಲಿ ತೊಂಬತ್ತು. ಸಾಹೇಬರು ಓದುವುದನ್ನು ಹೇಳಿಕೊಟ್ಟರು: ಮೇಲಿನದು ಬ್ಯಾಟರಿ ಎಷ್ಟು ತುಂಬಿದೆ ಎಂಬುದು, ಕೆಳಗಿನದು ಬಿಸಿಲಿನಿಂದ ಎಷ್ಟು ಬರುತ್ತಿದೆ ಎಂಬುದು. "ನಾಲ್ಕು ಗಂಟಿಗೆ ಮೇಲಿಂದು ಎಪ್ಪತ್ತೈದರ ಮ್ಯಾಲೆ ಇರ್ಬೇಕು. ಇದ್ರೆ ಬೆಳಗಾನ ನಡೀತೈತೆ. ಇಲ್ಲಾಂದ್ರೆ ಫೋನ್ ಹಚ್ರಿ, ಬಂದು ಮನಿಗೆ ಕರ್ಕೊಂಡು ಹೋಗ್ತೀನಿ." ದಾರಿಗೆ ಆಗುವಷ್ಟು ಸಿಲಿಂಡರು ಇಟ್ಟು ಹೋದರು.

ಹತ್ತಕ್ಕೆ ನೋಡಿದೆ, ಎಪ್ಪತ್ತೇಳು. ಬಿಸಿಲು ಏರಿದ ಹಾಗೆ ಏರುತ್ತದೆ ಎಂದುಕೊಂಡೆ. ಹನ್ನೊಂದಕ್ಕೆ ಎಪ್ಪತ್ತು. ಕೆಳಗಿನ ಅಂಕಿ ನಾಲ್ಕರಲ್ಲೇ ಕಾಲು ಮುರಿದುಕೊಂಡು ಕೂತಿತ್ತು. ಫ್ರಿಜ್ಜು ಆರಿಸಿದೆ, ಫ್ಯಾನೂ ಆರಿಸಿದೆ. ತಗಡು ಕಾದು ಒಳಗೆ ರೊಟ್ಟಿ ಬೇಯಿಸಬಹುದಿತ್ತು. ಹೊರಗೆ ಆಕಾಶದಲ್ಲಿ ಮೋಡದ ಒಂದು ಚೂರಿಲ್ಲ, ಕಣ್ಣು ಬಿಡಲಾಗದಂಥ ಬಿಸಿಲು, ಒಳಗೆ ಅದರ ಒಂದು ಹನಿಯೂ ಬರುತ್ತಿಲ್ಲ! ಮಂಡಿಪೇಟೆಯ ಕೋಣೆಗಾದರೂ ಒಂದು ಕಿಟಕಿಯಿತ್ತು, ಬೀದಿಯಿತ್ತು. ಇಲ್ಲಿ ಮಂಚಕ್ಕೂ ಬೆಂಚಿಗೂ ನಡುವೆ ಎರಡು ಹೆಜ್ಜೆ, ಅದರ ನಡುವೆ ಪೈಪು. ಇಷ್ಟು ಹೆಣಗಾಡಿ ಇನ್ನೂ ಸಣ್ಣ ಕೋಣೆಗೆ ಬಂದು ಸಿಕ್ಕಿಬಿದ್ದೆನಲ್ಲ ಅನ್ನಿಸಿತು.

"ಹೇಳಿದ್ನಲ್ಲ" ಎಂದರು ನಮ್ಮವರು.

"ಏನು ಹೇಳಿದ್ರಿ?"

"ಆಗಂಗಿಲ್ಲ ಅಂತ."

"ನಿಮಗೆ ಆಗದಿರೋದೇ ಬೇಕಾಗೈತೆ."

"ನನಗೆ ಉಸಿರು ಬೇಕಾಗೈತೆ ಕಣೇ" ಎಂದರು, ಕೆಮ್ಮಿದರು. ನಾನು ಬೆನ್ನು ನೀವಲು ಎದ್ದೆ. ಎದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಹನ್ನೆರಡೂವರೆಗೆ ಅರವತ್ತು. ತಡೆಯದೆ ಸಾಹೇಬರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದೆ. ಎಂಥಾ ಬ್ಯಾಟರಿ ಹಾಕಿದ್ರಿ, ನಂಬಿ ಕೆಟ್ಟೆ ಎಂದೆಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ಅಕ್ಕಾರ, ಬ್ಯಾಟರಿದೇನೂ ತಪ್ಪಿಲ್ಲ. ಪ್ಲೇಟಿನ ಮ್ಯಾಲೆ ಹೂವು ಹಂಗೇ ಐತೇನು?"

"ಐತೆ. ಯಾಕ?"

"ಒಂದು ಕಡಿ ನೆರಳು ಬಿದ್ರೂ ಪೂರಾ ಪ್ಲೇಟು ಮಲಕ್ಕಂತೈತೆ. ನೀವು ನಾಲ್ಕಕ್ಕೂ ಅಡ್ಡ ಹಾಕೀರಿ. ವಿಭೂತಿ ಬ್ಯಾರೆ."

"ಗೊತ್ತಿದ್ದೂ ನಿನ್ನೆನೇ ಯಾಕ ಹೇಳ್ಲಿಲ್ಲ ನೀವು?"

"ನೀವು ಕಣ್ಣಾಗೆ ನೀರು ಹಾಕ್ಕೊಂಡು ಮಾಡಿದ ಪೂಜೆ. ನಾನು ಹೆಂಗೆ ತೆಗೀರಿ ಅನ್ಲಿ? ನನ್ನ ಕೈಲೆ ಹೆಂಗೆ ತೆಗೀಲಿ? ತಾವೇ ತೆಗೀತೀರಿ ಅನ್ಕಂಡೆ. ತಪ್ಪು ನಂದೇ, ಮಾಫ್ ಮಾಡ್ರಿ." ಫೋನು ಇಟ್ಟಮೇಲೆ ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ನಮ್ಮಲ್ಲಿ ಗಾಡಿಗೆ ಏರಿಸಿದ ಹೂವು ತಾನೇ ಒಣಗಿ ಉದುರಬೇಕು. ಹಚ್ಚಿದ ವಿಭೂತಿ ತಾನೇ ಮಾಸಬೇಕು. ಹೊಸ ಗಾಡಿಯದನ್ನಂತೂ ಯಾರೂ ಕೈಯಾರೆ ಅಳಿಸುವುದಿಲ್ಲ. ಅಳಿಸಿದ ಮೇಲೆ ಮಷೀನಿಗೆ ಏನಾದರೂ ಆದರೆ? ಒಂದು ಚೊಂಬು ನೀರು, ಒಂದು ಟವೆಲ್ಲು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

"ಎಷ್ಟೈತೆ?" ಎಂದರು ಒಳಗಿನಿಂದ.

"ಐವತ್ತೊಂಬತ್ತು."

"ಸಾಹೇಬಗೆ ಬರಾಕ್ ಹೇಳು. ಮನಿಗೆ ಹೋಗಾಣ." ಆ ದನಿಯಲ್ಲಿ ಗೆದ್ದ ಖುಷಿ ಇತ್ತು. ಸುಳ್ಳೇಕೆ, ಆ ಖುಷಿ ನನ್ನನ್ನು ಏಣಿ ಹತ್ತಿಸಿತು.

ಶಿವನೇ, ಬೇಕಾದರೆ ನನ್ನ ಮೇಲೆ ಸಿಟ್ಟಾಗು ಎಂದು ಸುತಲಿ ಬಿಚ್ಚಿದೆ. ಮಾಲೆ ಎತ್ತಿ ಕೆಳಗೆ ಹಾಕಿದೆ, ಬಾಳೆಕಂದು ಕಿತ್ತೆ. ಒಣಗಿದ ವಿಭೂತಿ ಸುಲಭಕ್ಕೆ ಬಿಡಲಿಲ್ಲ, ಮೊಣಕಾಲೂರಿ ತಿಕ್ಕಿದೆ. ನೀರು ಮುಗಿಯಿತು, ಸೆರಗಿನಿಂದ ಒರೆಸಿದೆ. ನಾಲ್ಕನೆಯ ಪ್ಲೇಟು ಮುಗಿದಾಗ ಸೀರೆಯೆಲ್ಲ ಬೂದಿ, ಅರಿಸಿನ. ಪ್ಲೇಟುಗಳು ಕಪ್ಪಗೆ ಹೊಳೆಯುತ್ತಿದ್ದವು.

ಇಳಿಯಬೇಕೆಂದು ಏಣಿಯ ಕಡೆ ತಿರುಗಿದೆ. ಆಗ ಗಮನಕ್ಕೆ ಬಂತು, ಮಷೀನಿನ ಸದ್ದು ಇಲ್ಲಿಗೆ ಕೇಳಿಯೂ ಕೇಳದಷ್ಟು ಸಣ್ಣಗಿದೆ. ಭತ್ತದ ಮೇಲೆ ಗಾಳಿ ಹೋಗುತ್ತಿತ್ತು. ದೂರದಲ್ಲಿ ಕಾಲುವೆಯ ಏರಿಯ ಮೇಲೆ ಯಾರೋ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಮ್ಮವರಿಗೆ ನಾನು ಕಾಣುತ್ತಿರಲಿಲ್ಲ, ನನಗೆ ಅವರು ಕಾಣುತ್ತಿರಲಿಲ್ಲ, ಮಾಡಬೇಕಾದ ಕೆಲಸವೂ ಇರಲಿಲ್ಲ; ಎರಡು ವರ್ಷದಲ್ಲಿ ಇದೇ ಮೊದಲು. ಚಾವಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತುಬಿಟ್ಟೆ. ಬೆನ್ನು ಸುಡುತ್ತಿತ್ತು, ಸುಡಲಿ ಎಂದುಕೊಂಡೆ.

ಚಾವಣಿಯ ಗಾಳಿಕಿಂಡಿಯಿಂದ ಅವರ ದನಿ ಬಂತು. "ಏ, ಕೆಳಗಿಂದು ನಲವತ್ತು ತೋರಸ್ತೈತೆ."

"ಇನ್ನೂ ಒರಸದೈತ್ರಿ" ಎಂದೆ. ಮದುವೆಯಾದ ಮೂವತ್ತು ವರ್ಷದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿರಲಿಲ್ಲ.

ತಕ್ಕಡಿ ಓದಿ ಬದುಕಿದ ಮನುಷ್ಯ, ನಾಲ್ಕು ಇದ್ದದ್ದು ನಲವತ್ತಾದರೆ ಒರೆಸಲು ಏನು ಉಳಿದಿದೆ ಎಂದು ಅವರಿಗೆ ತಿಳಿಯುವುದಿಲ್ಲವೇ? ಆದರೂ "ಒರಸು" ಎಂದರು. ಮುಕ್ಕಾಲು ಗಂಟೆ ಮತ್ತೆ ಕರೆಯಲಿಲ್ಲ.

ಇಳಿದು ಬಂದರೆ ಬುತ್ತಿ ಬಿಚ್ಚಿತ್ತು. ಪೈಪನ್ನು ಹಗ್ಗದ ಹಾಗೆ ತೋಳಿಗೆ ಸುತ್ತಿಕೊಂಡು, ಎರಡು ತಟ್ಟೆಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿ, ಮಧ್ಯಾಹ್ನದ ಮಾತ್ರೆಯನ್ನೂ ತಾವೇ ನುಂಗಿ ಕೂತಿದ್ದರು. ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು.

"ಎರಡು ವರ್ಷ ಈ ಕೈ ಎಲ್ಲಿಟ್ಟಿದ್ರಿ?"

ಅವರು ತಟ್ಟೆ ನೋಡುತ್ತ ಹೇಳಿದರು, "ನೀನು ಇರ್ತಿದ್ಯಲ್ಲ."

ತಿಂದೆವು. ಮೀಟರು ಅರವತ್ತೈದಕ್ಕೆ ಬಂದಿತ್ತು, ಏರುತ್ತಲೇ ಇತ್ತು. ಸಾಹೇಬರಿಗೆ ಫೋನು ಮಾಡಿ, ಅಂದ ಮಾತಿಗೆಲ್ಲ ತಪ್ಪಾಯಿತೆಂದು ಹೇಳಿ, ಸಂಜೆ ಬರುವುದು ಬೇಡ ಎಂದೆ. ಆಮೇಲೆ ತಟ್ಟೆ ತೊಳೆದಿಟ್ಟು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ?" ಎಂದರು.

"ಕಾಲುವೆ ಏರಿ ತನಕ. ಒಬ್ಬಳೇ."

"ಎಷ್ಟೊತ್ತಾಗ್ತೈತೆ?"

ಪೈಪು ಎಳೆದುಕೊಂಡು ಬಾಗಿಲ ಹತ್ತಿರ ಬಂದು ನಿಂತರು. ನೋಡಿದೆ. ಆದರೂ ಇಷ್ಟು ಹೊತ್ತು ಎಂದು ಹೇಳದೆ ಬಾಗಿಲು ದಾಟಿದೆ.